ಬೆನಡೆರೆಟ್, ಬೀ (1906–1968)

ಅಮೆರಿಕದ ರೇಡಿಯೊ, ಟಿವಿ ಹಾಗೂ ಕಂಠದಾನ ಕಲಾವಿದೆ. ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ನಾಯಕಿಯ ಪಕ್ಕದ ಮನೆಯಾಕೆ ಎಂದಷ್ಟೇ ಈಕೆಯನ್ನು ನೆನೆಯುವವರಿದ್ದಾರೆ. ಆದರೆ ಆ ಕಾಲದ ಹಾಸ್ಯ ಧಾರಾವಾಹಿಗಳು ನಿಂತದ್ದೇ ಇಂಥ ಪೋಷಕ ನಟಿಯರ ಬಲದ ಮೇಲೆ. 'ಬರ್ನ್ಸ್ ಅಂಡ್ ಆಲನ್' ಟಿವಿ ಸರಣಿಯಲ್ಲಿ (1950–58) ಈಕೆ ಪಕ್ಕದ ಮನೆಯ ಬ್ಲಾಂಚ್ ಮಾರ್ಟನ್. ಗಂಡನ ಪಾತ್ರಧಾರಿಗಳು ಹಲವು ಬಾರಿ ಬದಲಾದರು, ಈಕೆ ಬದಲಾಗಲಿಲ್ಲ. 1953ರಲ್ಲಿ ಗಂಡನಿಗೆ ಹೊಡೆಯಲು ಬ್ಲಾಂಚ್ ಕೈಯೆತ್ತಿ ನಿಂತಾಗ ಸರಣಿಯ ನಾಯಕ ಜಾರ್ಜ್ ಬರ್ನ್ಸ್ ದೃಶ್ಯ ತಡೆದು ಹೊಸ ನಟ ಲ್ಯಾರಿ ಕೀಟಿಂಗ್‌ನನ್ನು ಪರಿಚಯಿಸಿದ. ಆಕೆ ವಿನಯದಿಂದ ಮಾತಾಡಿಸಿ, ಮರುಕ್ಷಣವೇ ಕೋಪಕ್ಕೆ ಮರಳಿ ಏಟು ಕೊಟ್ಟಳು. ಹೀಗೆ ಪಾತ್ರದಿಂದ ಹೊರಬಂದು ಒಳಹೋಗುವುದು ಸಣ್ಣ ಕಸುಬಲ್ಲ.

ಎರಡನೇ ಸಾಲಿನವಳಾಗಿಯೇ ಉಳಿದದ್ದು ಪ್ರತಿಭೆಯ ಮಿತಿಯಲ್ಲವೇ ಎನ್ನಬಹುದು. ಅಲ್ಲ. 'ಐ ಲವ್ ಲೂಸಿ'ಯ ಎಥೆಲ್ ಪಾತ್ರಕ್ಕೆ ನಾಯಕಿ ಲೂಸಿಲ್ ಬಾಲ್ ಬಯಸಿದ್ದು ಈಕೆಯನ್ನೇ. ಬರ್ನ್ಸ್ ಜತೆಗಿನ ಒಪ್ಪಂದ ಅಡ್ಡಬಂತು. ವಾರ್ನರ್ ಬ್ರದರ್ಸ್ ಕಾರ್ಟೂನುಗಳಲ್ಲಿ ಟ್ವೀಟಿ ಹಕ್ಕಿಯನ್ನು ಸಾಕುವ ಅಜ್ಜಿಯೂ ಸೇರಿ ಎಷ್ಟೋ ಹೆಣ್ಣು ಪಾತ್ರಗಳಿಗೆ ದನಿ ಕೊಟ್ಟರೂ ತೆರೆಯ ಮೇಲೆ ಹೆಸರು ಬರಲಿಲ್ಲ: ಕಂಠದಾನಕ್ಕೆ ಮೆಲ್ ಬ್ಲಾಂಕ್ ಒಬ್ಬನ ಹೆಸರೇ ಹಾಕುವ ಪದ್ಧತಿಯಿತ್ತು. ಮನ್ನಣೆ ತಪ್ಪಿದ್ದಕ್ಕೆ ಕಾರಣ ಕರಾರು, ಕಲೆಯಲ್ಲ. 1960ರಿಂದ ನಾಲ್ಕು ವರ್ಷ ಕಾರ್ಟೂನ್ ಸರಣಿ 'ದಿ ಫ್ಲಿಂಟ್‌ಸ್ಟೋನ್ಸ್'ನ ಬೆಟ್ಟಿ ರಬಲ್ ಪಾತ್ರಕ್ಕೆ ದನಿಯಾದಳು. ಬರ್ನ್ಸ್ ತಂಡದ ಹಳೆಯ ಬರಹಗಾರ ಪಾಲ್ ಹೆನಿಂಗ್ 1963ರಲ್ಲಿ 'ಪೆಟಿಕೋಟ್ ಜಂಕ್ಷನ್'ನ ಮುಖ್ಯ ಪಾತ್ರವನ್ನೇ ಕೊಟ್ಟಾಗ, ಹೋಟೆಲೊಡತಿ ಕೇಟ್ ಬ್ರಾಡ್ಲಿಯಾಗಿ ಸರಣಿಯನ್ನು ಮುನ್ನಡೆಸಿದಳು. 1968ರ ಅಕ್ಟೋಬರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಸರಣಿ 1970ರವರೆಗೆ ನಡೆಯಿತು.