ಸಹ್ಯಾದ್ರಿಯೂ ಕೆಳನಾಡೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಚರಿತ್ರೆಯನ್ನು ಅರಿಯಬಯಸುವವರು ಮೊದಲು ಸಹ್ಯಾದ್ರಿಯನ್ನು ಅರಿಯಬೇಕು. ನೈಋತ್ಯದ ಮಳೆಗಾಳಿಯನ್ನು ತಡೆದು ನಿಲ್ಲಿಸುವುದು ಆ ಪರ್ವತವೇ. ಘಟ್ಟದಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆಯಾದರೆ, ಮೂಡಣ ಚಿತ್ರದುರ್ಗದ ಬಯಲಿಗೆ ದೊರೆಯುವುದು ಸುಮಾರು ಅದರ ಹತ್ತನೆಯ ಒಂದು ಪಾಲು. ಆ ನೀರೇ ಸೌಪರ್ಣಿಕಾ, ಚಕ್ರಾ, ವಾರಾಹೀ, ಸೀತಾ ನದಿಗಳಾಗಿ ಇಳಿದು ಕೆಳನಾಡಿನ ಗದ್ದೆಗಳನ್ನು ತಣಿಸಿತು. ನದೀಮುಖಗಳಲ್ಲಿ ಬಂದರುಗಳನ್ನು ಬೆಳೆಯಿಸಿತು.

ಪರ್ವತವು ಗೋಡೆಯಂತೆ ತೋರಿದರೂ ಅದರಲ್ಲಿ ಬಾಗಿಲುಗಳಿದ್ದವು. ಘಟ್ಟದ ದಾರಿಗಳಲ್ಲಿ ಹೇರೆತ್ತುಗಳ ಮೇಲೆ ಮೆಣಸು ಇಳಿಯುತ್ತಿತ್ತು, ಉಪ್ಪು ಏರುತ್ತಿತ್ತು. ವಾರಾಹೀತೀರದ ಬಸರೂರಿನಿಂದ ಅಕ್ಕಿಯು ಹಡಗೇರಿ ಹೊರದೇಶಗಳಿಗೆ ಸಾಗುತ್ತಿತ್ತು. ಮಲೆಯನ್ನಾಳುವವನಿಗೆ ಕಡಲ ಬಾಗಿಲೂ ಬೇಕೆಂಬ ಮರ್ಮವನ್ನು ಕೆಳದಿಯ ವೀರಶೈವ ಅರಸರು ಚೆನ್ನಾಗಿ ಬಲ್ಲವರಾಗಿದ್ದರು. ಶಿವಪ್ಪನಾಯಕನು 1650ರ ದಶಕದಲ್ಲಿ ಪೋರ್ಚುಗೀಸರನ್ನು ಬಸರೂರಿನಿಂದ ಹೊರದೂಡಿದನು. 1665ರಲ್ಲಿ ಶಿವಾಜಿಯು ಕಡಲಮಾರ್ಗವಾಗಿ ಬಂದು ಆ ಪಟ್ಟಣವನ್ನು ಸೂರೆಗೊಂಡುದೇ ಅದರ ಸಿರಿಗೆ ಸಾಕ್ಷಿ.

ಸರಕಿನೊಡನೆ ಜನರೂ ನುಡಿಯೂ ಭಕ್ತಿಯೂ ಈ ದಾರಿಗಳಲ್ಲಿ ಸಂಚರಿಸಿದವು. ತೆಂಕಣ ತುಳುನಾಡಿಗೆ ಹೊಂದಿಕೊಂಡಿದ್ದರೂ ಕುಂದಾಪುರದ ಸೀಮೆಯು ತನ್ನದೇ ಸೊಗಸಿನ ಕನ್ನಡವನ್ನಾಡುತ್ತದೆ. ಕೊಡಚಾದ್ರಿಯ ಅಡಿಯಲ್ಲಿರುವ ಕೊಲ್ಲೂರಿನ ಮೂಕಾಂಬಿಕೆಗೆ ಘಟ್ಟದ ಮೇಲಣವರೂ ಕೆಳಗಣವರೂ ಸಮಾನವಾಗಿ ನಡೆದುಕೊಳ್ಳುತ್ತಾರೆ.

2012ರಲ್ಲಿ ಪಶ್ಚಿಮ ಘಟ್ಟಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಪಟ್ಟಿಯೊಂದೇ ಪರ್ವತವನ್ನು ಕಾಯಲಾರದು. ಮಲೆಯ ಕಾಡು ಅಳಿದರೆ ಬೇಸಗೆಯ ಹೊಳೆ ಸೊರಗುವುದು; ಹೊಳೆ ಸೊರಗಿದಲ್ಲಿ ಉಪ್ಪುನೀರು ಗದ್ದೆಗೇರುವುದು. ಆದುದರಿಂದ ಮೇಲಿನವರು ಕಾಡನ್ನು ಕಾಯುವುದು ಕೆಳಗಿನವರ ಅನ್ನವನ್ನು ಕಾಯುವುದೇ ಆಗಿದೆ ಎಂಬುದನ್ನು ಸದ್ಭಕ್ತರು ಮನಗಾಣಬೇಕು.