ಕಬಿನಿಯ ಕುರುವ: ಹಕ್ಕಿಯ ನೆಲೆಯೂ ಪ್ರವಾಸಿಯ ಮಿತಿಯೂ

ನದಿಯು ಕವಲೊಡೆದು ಗಡ್ಡೆಗಳನ್ನು ಸೃಷ್ಟಿಸುವುದು ಕಡಲನ್ನು ಕೂಡುವಲ್ಲಿ ಎಂದು ಭೂಗೋಲದ ಪಾಠದಲ್ಲಿ ನಾವು ಮಕ್ಕಳಿಗೆ ಕಲಿಸುತ್ತೇವೆ. ಕಡಲಿನಿಂದ ದೂರ, ಮಲೆನಾಡಿನಲ್ಲಿಯೇ ಇಂತಹ ರಚನೆಯನ್ನು ಕಾಣಬೇಕಾದರೆ ವಯನಾಡಿನ ಕುರುವ ದ್ವೀಪವನ್ನು ನೋಡಬೇಕು. ಕೇರಳದ 44 ನದಿಗಳಲ್ಲಿ ಮೂಡಣಕ್ಕೆ ಹರಿಯುವವು ಮೂರೇ. ಅವುಗಳಲ್ಲಿ ಕಬಿನಿಯೂ ಒಂದು. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯೆನಿಸಿದ ಬಳಿಕ, ಅದು ಕವಲು ಕವಲಾಗಿ ಒಡೆದು ಸುಮಾರು 950 ಎಕರೆಗಳ, ಜನವಸತಿಯಿಲ್ಲದ ಕಾಡುಗಡ್ಡೆಗಳನ್ನು ಬಳಸಿ ಹರಿಯುತ್ತದೆ. ಮುಂದೆ ಕನ್ನಡ ನಾಡನ್ನು ಹೊಕ್ಕು, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ.

ಕುರುವವೆಂಬ ಹೆಸರು ನಮ್ಮ ಕಿವಿಗೆ ಹೊಸತಲ್ಲ. ಹೊನ್ನಾಳಿಯ ಬಳಿ ತುಂಗಭದ್ರೆಯಲ್ಲಿ ಕುರುವದ ಗಡ್ಡೆಯಿದೆ. ಕುಮಟಾ ತಾಲೂಕಿನ ಅಘನಾಶಿನಿಯಲ್ಲಿ ಐಗಳಕುರ್ವೆ, ಮಾಸೂರುಕುರ್ವೆಗಳಿವೆ. ಹೊಳೆಯ ನಡುವಣ ನೆಲದ ಈ ಹೆಸರು ಕಬಿನಿಯಲ್ಲಿಯೂ ಕೇಳಿಬರುವುದನ್ನು ಸ್ಥಳನಾಮಗಳ ಅಭ್ಯಾಸಿಗಳು ಲಕ್ಷಿಸಬೇಕು.

ವಯನಾಡಿನ ಪಕ್ಷಿವೀಕ್ಷಣೆಯೂ ಇಂದು ನಿನ್ನೆಯದಲ್ಲ. ಮದರಾಸು ಸೇನೆಯ ವೈದ್ಯನಾಗಿದ್ದ ಟಿ. ಸಿ. ಜೆರ್ಡನನು 1839ರಲ್ಲಿ ವರ್ಣಿಸಿದ ನಗೆಮಲ್ಲವೆಂಬ ಹಕ್ಕಿಗೆ ಇಂದಿಗೂ ಲೋಕದ ಪಕ್ಷಿಪಟ್ಟಿಗಳಲ್ಲಿ ವಯನಾಡಿನ ಹೆಸರಿದೆ. 1851ರಲ್ಲಿ ಎಡ್ವರ್ಡ್ ಬ್ಲೈತನು ಇನ್ನೊಂದು ನಗೆಮಲ್ಲಕ್ಕೆ ಜೆರ್ಡನನ ಹೆಸರನ್ನಿತ್ತನು. ಬಾಣಾಸುರ ಮಲೆ, ಕೊಡಗಿನ ಗಡಿಯ ಬ್ರಹ್ಮಗಿರಿ ಮೊದಲಾದ ಕೆಲವೇ ಎತ್ತರಗಳಲ್ಲಿ ಉಳಿದಿರುವ ಈ ಹಕ್ಕಿ ಅಳಿವಿನ ಭಯದಲ್ಲಿದೆ. ಶಿಖರದ ಹಕ್ಕಿಗೆ ಎತ್ತರವು ಆಶ್ರಯವಾದಂತೆ, ಕುರುವದ ಹಕ್ಕಿಗಳಿಗೆ ಸುತ್ತಲಿನ ನೀರೇ ಆಶ್ರಯ.

ಇಲ್ಲಿ ರಂಗನತಿಟ್ಟಿನ ಚರಿತ್ರೆ ನೆನಪಿಗೆ ಬರುತ್ತದೆ. ಕಾವೇರಿಯ ಒಡ್ಡಿನಿಂದ ಉಂಟಾದ ಆ ಗಡ್ಡೆಗಳಲ್ಲಿ ಹಕ್ಕಿಗಳು ಮೊದಲು ಗೂಡು ಕಟ್ಟಿದುವು. ಸಲೀಂ ಆಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ರಕ್ಷಣೆಯಿತ್ತಿತು. ಕುರುವದಲ್ಲಾದರೋ ಬಹುಕಾಲ ಹೊಳೆಯೇ ಕಾವಲುಗಾರ. ಮಳೆಗಾಲದ ನೆರೆ ದಾರಿಯನ್ನು ಮುಚ್ಚಿ, ಕಾಡಿಗೆ ವರ್ಷಕ್ಕೊಮ್ಮೆ ವಿಶ್ರಾಂತಿಯನ್ನು ಕೊಡುತ್ತಿತ್ತು.

ಪಾಲ್‌ವೆಳಿಚ್ಚಂ, ಪಾಕ್ಕಂ ಎಂಬ ಎರಡು ಕಡೆಗಳಿಂದ ಬಿದಿರಿನ ತೆಪ್ಪಗಳಲ್ಲಿ ಪ್ರವಾಸಿಗಳು ಬರತೊಡಗಿದ ಮೇಲೆ ನೆರೆಯ ಕಾವಲೊಂದೇ ಸಾಲದಾಯಿತು. 2024ರ ಫೆಬ್ರವರಿಯಲ್ಲಿ, ಕುರುವದ ಪ್ರವಾಸಕಾರ್ಯದಲ್ಲಿದ್ದ ಸ್ಥಳೀಯ ಕೆಲಸಗಾರರೊಬ್ಬರು ಕಾಡಾನೆಯ ದಾಳಿಯಿಂದ ಅಸುನೀಗಿದರು. ದ್ವೀಪವನ್ನು ಮುಚ್ಚಲಾಯಿತು, ಅದರೊಡನೆ ತೆಪ್ಪ ನಡೆಸುವವರ ದುಡಿಮೆಯೂ ನಿಂತಿತು. ಹೈಕೋರ್ಟಿನ ಅನುಮತಿಯಿಂದ ಅಕ್ಟೋಬರಿನಲ್ಲಿ ಮರಳಿ ತೆರೆದಾಗ, ದಿನಕ್ಕೆ 400 ಮಂದಿಗೆ ಮಾತ್ರ ಪ್ರವೇಶವೆಂದು ಗೊತ್ತುಪಡಿಸಲಾಯಿತು. ಹೊಳೆಯು ನೆರೆಯಿಂದ ಮಾಡುತ್ತಿದ್ದ ಕೆಲಸವನ್ನು ಮನುಷ್ಯನು ಎಣಿಕೆಯಿಂದ ಮಾಡಬೇಕಾಯಿತು.

ಈ ಮಿತಿಯನ್ನು ಕೆಲವರು ಅಡ್ಡಿಯೆಂದು ಭಾವಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಹಕ್ಕಿಯ ಗೂಡನ್ನೂ ತೆಪ್ಪದವನ ಮನೆಯ ಒಲೆಯನ್ನೂ ಒಟ್ಟಿಗೆ ಕಾಯುವ ದಾರಿ ಇದೊಂದೇ. ಹಕ್ಕಿಗಳು ತೊರೆದ ಗಡ್ಡೆಗೆ ಪ್ರವಾಸಿಯಾದರೂ ಏಕೆ ಬಂದಾನು?

ಗಡಿನಾಡಿನ ಅಧ್ಯಾಪಕರಾದ ನಮಗೆ ಇಲ್ಲೊಂದು ಕರ್ತವ್ಯವಿದೆ. ವಿದ್ಯಾರ್ಥಿಗಳನ್ನು ದೊಡ್ಡ ಗುಂಪಾಗಿ ಒಯ್ಯದೆ, ಕೆಲವರನ್ನಷ್ಟೇ ಕರೆದೊಯ್ದು, ಮೌನವಾಗಿ ನಿಂತು ಕೇಳುವುದನ್ನು ಕಲಿಸಬೇಕು. ಕಂಡ ಹಕ್ಕಿಯ ಹೆಸರನ್ನು ಕನ್ನಡದಲ್ಲಿಯೂ ಮಲೆಯಾಳದಲ್ಲಿಯೂ ಬರೆಯಿಸಬೇಕು. ಕನ್ನಡಕ್ಕೆ ಸಮೀಪದ ನುಡಿಯನ್ನಾಡುವ ಕಾಟ್ಟುನಾಯಕರ ಹಿರಿಯರಿಂದ ಅವರ ಹಕ್ಕಿಹೆಸರುಗಳನ್ನು ಕೇಳಿ ಬರೆದಿಡುವುದು ಅದಕ್ಕಿಂತಲೂ ಮುಖ್ಯ. ಆ ಹಿರಿಯರಿರುವಾಗಲೇ ಈ ಕೆಲಸ ಆಗಬೇಕು.