ಎರಡಾಣೆಯ ಠೇವಣಿ ಹಾಗೂ ಅದನ್ನು ತಂದವನು

ಭಾರತದ ಬ್ಯಾಂಕುಗಳ ಇತಿಹಾಸವನ್ನು ಬರೆದವರು ಎರಡು ಬಗೆಯ ಜನರನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ: ಬ್ಯಾಂಕುಗಳನ್ನು ಕಟ್ಟಿದವರು ಒಂದು ಬಗೆ, ಅವು ದಿವಾಳಿಯೆದ್ದಾಗ ಹಣ ಕಳೆದುಕೊಂಡವರು ಇನ್ನೊಂದು ಬಗೆ. ಇವರಿಬ್ಬರ ನಡುವೆ ಮೂರನೆಯವನೊಬ್ಬನುಂಟು. ದಿನವೂ ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ನಡೆದು, ಎರಡಾಣೆ ನಾಲ್ಕಾಣೆಗಳನ್ನು ಇಸಿದುಕೊಂಡು, ಚೀಟಿಯಲ್ಲಿ ಬರೆದುಕೊಟ್ಟು, ಕೂಡಿದ ಹಣವನ್ನು ಬ್ಯಾಂಕಿಗೆ ಮುಟ್ಟಿಸಿದವನು ಅವನು. ಅವನು ಬ್ಯಾಂಕಿನ ನೌಕರನೆ, ಅಲ್ಲವೆ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಬಹುಕಾಲ ಯಾರಿಗೂ ಪ್ರಶ್ನೆಯಾಗಿಯೇ ತೋರಲಿಲ್ಲ. ಅದಕ್ಕೆ ಕಟ್ಟಕಡೆಯ ಉತ್ತರ ದೊರೆತದ್ದು 2001ರಲ್ಲಿ. ನಮ್ಮ ಶಾಸನಗಳು ಮೊದಲು ಠೇವಣಿಯನ್ನು ಕಾಪಾಡಿದುವು. ಆಮೇಲೆ ಮೇಜಿನ ಹಿಂದೆ ಕುಳಿತ ಗುಮಾಸ್ತನನ್ನು. ಬೀದಿಯಲ್ಲಿ ನಡೆದವನ ಸರದಿ ಎಲ್ಲಕ್ಕಿಂತ ಕೊನೆಗೆ ಬಂದಿತು. ಈ ಕ್ರಮ ಹೇಗೆ ಉಂಟಾಯಿತೆಂಬುದು ಇಲ್ಲಿಯ ವಿಷಯ.

ಈ ಮೂರನೆಯವನು ಹುಟ್ಟಿದ್ದು ಕನ್ನಡನಾಡಿನ ಕರಾವಳಿಯಲ್ಲಿ. ಅಂದಿಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1906ನೆಯ ವರ್ಷವೊಂದರಲ್ಲೇ ಎರಡು ಸಂಸ್ಥೆಗಳು ತಲೆಯೆತ್ತಿದುವು: ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ, ಮುಂದೆ ಕೆನರಾ ಬ್ಯಾಂಕೆನಿಸಿದ ಶಾಶ್ವತ ನಿಧಿ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಸ್ಥಾಪಿತವಾಗಿ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದಾದ ಸಂಸ್ಥೆ. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯ ಸಿಂಡಿಕೇಟು, 1931ರಲ್ಲಿ ವಿಜಯಾ ಬ್ಯಾಂಕು ಬಂದುವು. ಒಂದು ಜಿಲ್ಲೆಯಲ್ಲಿ ಇಷ್ಟು ಬ್ಯಾಂಕುಗಳೇಕೆ ಎಂದು ಹೊರನಾಡಿನವರು ಬೆರಗಾಗುವುದುಂಟು. ಕಾರಣಗಳು ಹಲವು, ಅವನ್ನೆಲ್ಲ ಇಲ್ಲಿ ಬಿಡಿಸಬೇಕಾದುದಿಲ್ಲ. ಒಂದು ಮಾತ್ರ ಪ್ರಸ್ತುತ. ಮುಂಬಯಿಯ ಹತ್ತಿ ವರ್ತಕರಾಗಲಿ ಕಲಕತ್ತೆಯ ಸೆಣಬಿನ ಸಾಹುಕಾರರಾಗಲಿ ಇಲ್ಲಿರಲಿಲ್ಲ. ಠೇವಣಿ ಬೇಕಾದರೆ ಸಣ್ಣವರ ಕೈಯಿಂದಲೇ ಕೂಡಿಸಬೇಕು.

ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು 8,000 ರೂಪಾಯಿಗಳ ಬಂಡವಾಳದಿಂದ ಸಿಂಡಿಕೇಟನ್ನು ಆರಂಭಿಸಿದಾಗ ಅವರ ಕಣ್ಣೆದುರಿಗಿದ್ದವರು ಕೈಮಗ್ಗ ಕಳೆಗುಂದಿ ಕಷ್ಟಕ್ಕೆ ಬಿದ್ದಿದ್ದ ನೇಕಾರರು. 1928ರಲ್ಲಿ ಈ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆಚರಣೆಗೆ ತಂದಿತು. ಪಿಗ್ಮಿ ಎಂದರೆ ಕುಳ್ಳ. ಇಲ್ಲಿ ಕುಳ್ಳಾದುದು ಕಂತು. ದಿನಕ್ಕೆ ಎರಡಾಣೆ ಕೊಟ್ಟವನ ಲೆಕ್ಕದಲ್ಲಿ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ ಜಮೆಯಾಗುತ್ತಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುತ್ತಿದ್ದ ಮೀನು ಮಾರುವವಳೂ ಬೀಡಿ ಕಟ್ಟುವವಳೂ ಈ ಮೂಲಕ ಠೇವಣಿದಾರರಾದರು. ಯೋಜನೆಯ ಗುಟ್ಟು ಬಡ್ಡಿಯ ದರದಲ್ಲಿರಲಿಲ್ಲ, ಬಾಗಿಲಿಗೆ ಬರುವ ಮನುಷ್ಯನಲ್ಲಿತ್ತು. ಅವನು ಅದೇ ಕೇರಿಯವನು, ಮುಖಪರಿಚಯವಿದ್ದವನು. ಜನರು ನಂಬಿದ್ದು ಮೊದಲು ಅವನನ್ನು, ಅವನ ಮೂಲಕ ಬ್ಯಾಂಕನ್ನು.

ಅವನಿಗೆ ಸಂಬಳವಿರಲಿಲ್ಲ. ತಂದ ಹಣದ ಮೇಲೆ ಇಷ್ಟು ಎಂದು ಕಮಿಶನ್ ಇತ್ತು. ಇದನ್ನು ಕೇವಲ ಶೋಷಣೆಯೆಂದು ತಳ್ಳಿಹಾಕುವುದು ಇತಿಹಾಸಕ್ಕೆ ನ್ಯಾಯವಾಗಲಾರದು. ಎರಡಾಣೆಯ ಕಂತನ್ನು ತರಲು ತಿಂಗಳ ಸಂಬಳದ ಗುಮಾಸ್ತನನ್ನು ಕಳುಹಿಸಿದರೆ ಆ ಕಂತು ಅವನ ಸಂಬಳದ ಭಾರವನ್ನು ಹೊರಲಾರದು, ಯೋಜನೆಯೇ ನಿಲ್ಲುತ್ತಿರಲಿಲ್ಲ. ಬಡವನ ಉಳಿತಾಯ ಅಗ್ಗವಾಗಿ ಕೂಡಿಬರಬೇಕಾದರೆ ಅದನ್ನು ಕೂಡಿಸುವವನೂ ಅಗ್ಗವಾಗಿ ದೊರೆಯಬೇಕೆಂಬ ಈ ತೊಡಕು ಮೊದಲ ದಿನದಿಂದಲೇ ಯೋಜನೆಯ ಒಡಲಲ್ಲಿತ್ತು.

ಇತ್ತ ಸರಕಾರದ ಗಮನವೆಲ್ಲ ಠೇವಣಿಯ ಮೇಲಿತ್ತು. ಅದಕ್ಕೆ ಕಾರಣವೂ ಇತ್ತು. 1913ರಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕೂ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕೂ ಬಾಗಿಲು ಮುಚ್ಚಿದುವು. ಅವುಗಳ ಹಿಂದೆ ಸಣ್ಣಪುಟ್ಟವು ಸಾಲಾಗಿ ಉರುಳಿದುವು. 1935ರಲ್ಲಿ ರಿಜರ್ವ್ ಬ್ಯಾಂಕು ಸ್ಥಾಪಿತವಾದರೂ 1938ರಲ್ಲಿ ಟ್ರಾವಂಕೂರ್ ನ್ಯಾಶನಲ್ ಅಂಡ್ ಕ್ವಿಲಾನ್ ಬ್ಯಾಂಕು ಮುಳುಗುವುದನ್ನು ತಡೆಯಲಾಗಲಿಲ್ಲ. 1949ರ ಬ್ಯಾಂಕಿಂಗ್ ಕಂಪನಿಗಳ ಶಾಸನ ರಿಜರ್ವ್ ಬ್ಯಾಂಕಿಗೆ ಪರವಾನಗಿ ಹಾಗೂ ತಪಾಸಣೆಯ ಅಧಿಕಾರ ಕೊಟ್ಟಿತು. 1960ರಲ್ಲಿ ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕು ಕುಸಿದ ಮೇಲೆ ದುರ್ಬಲ ಬ್ಯಾಂಕುಗಳನ್ನು ಬಲವಂತವಾಗಿ ವಿಲೀನಗೊಳಿಸುವ ಅಧಿಕಾರವೂ ಬಂದಿತು. 1962ರ ಜನವರಿ 1ರಿಂದ ಠೇವಣಿಗೆ ವಿಮೆಯ ರಕ್ಷಣೆ ದೊರೆಯಿತು. ಅಂದಿನ ಮಿತಿ 1,500 ರೂಪಾಯಿ, 2020ರಿಂದ ಅದು 5 ಲಕ್ಷ. ಪಿಗ್ಮಿಯ ಎರಡಾಣೆಗೆ ಹೀಗೆ ಪೂರ್ಣ ಭದ್ರತೆ ಒದಗಿತು. ಅದನ್ನು ತಂದವನ ಹೆಸರು ಈ ಶಾಸನಗಳಲ್ಲಿ ಎಲ್ಲಿಯೂ ಇಲ್ಲ.

ಮೇಜಿನ ಹಿಂದಿನವನ ಕಥೆ ಬೇರೆ. ಅವನು ಅಕ್ಷರಸ್ಥ, ನಗರವಾಸಿ, ಸಂಘಟಿತ. 1946ರ ಏಪ್ರಿಲಿನಲ್ಲಿ ಕಲಕತ್ತೆಯಲ್ಲಿ ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ ಹುಟ್ಟಿತು. ಮುಷ್ಕರಗಳು ಹೆಚ್ಚಿದಾಗ ಸರಕಾರ 1949ರಲ್ಲಿ ಕೆ. ಸಿ. ಸೇನರ ಅಧ್ಯಕ್ಷತೆಯಲ್ಲಿ ಒಂದು ನ್ಯಾಯಮಂಡಳಿಯನ್ನು ನೇಮಿಸಿತು. 1950ರಲ್ಲಿ ಬಂದ ಅದರ ನಿರ್ಣಯವನ್ನು ಮರುವರ್ಷವೇ ಸರ್ವೋಚ್ಚ ನ್ಯಾಯಾಲಯ ಅಸಿಂಧುವೆಂದು ಸಾರಿತು. ಕಾರಣ ಸಂಬಳದ್ದಲ್ಲ: ಸದಸ್ಯರೊಬ್ಬರು ಕೆಲಕಾಲ ಹಾಜರಿಲ್ಲದಿದ್ದಾಗ ಉಳಿದವರೇ ವಿಚಾರಣೆ ಮುಂದುವರಿಸಿದ್ದರು! ಸಾವಿರಾರು ಗುಮಾಸ್ತರ ಭವಿಷ್ಯ ಒಂದು ಕುರ್ಚಿ ಖಾಲಿಯಿದ್ದುದರಿಂದ ಮತ್ತೆ ಮೊದಲ ಮೆಟ್ಟಿಲಿಗೆ ಬಂದಿತು. 1952ರಲ್ಲಿ ಎಸ್. ಪಂಚಾಪಕೇಶ ಶಾಸ್ತ್ರಿಗಳ ಮಂಡಳಿ ನೇಮಕವಾಗಿ 1953ರಲ್ಲಿ ತನ್ನ ನಿರ್ಣಯ ಕೊಟ್ಟಿತು. ಬ್ಯಾಂಕುಗಳನ್ನು ಅವುಗಳ ನಿಧಿಯ ಗಾತ್ರದಿಂದ ನಾಲ್ಕು ವರ್ಗಗಳಾಗಿ, ಊರುಗಳನ್ನು ಮೂರು ಪ್ರದೇಶಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ವೇತನಶ್ರೇಣಿ ನಿಗದಿಮಾಡಿದ ಆ ಬೃಹದ್ ಗ್ರಂಥ ಬ್ಯಾಂಕು ನೌಕರರಿಗೆ ಸ್ಮೃತಿಗ್ರಂಥವೇ ಆಯಿತು; ಶಾಸ್ತ್ರಿ ಅವಾರ್ಡು ಎಂಬ ಹೆಸರು ಇಂದಿಗೂ ಅವರ ಬಾಯಲ್ಲಿದೆ.

ಇದಾದ ಮೇಲೆ ನಡೆದುದು ರಾಜಕಾರಣ. ಮೇಲ್ಮನವಿ ಮಂಡಳಿ 1954ರ ಏಪ್ರಿಲಿನಲ್ಲಿ ಕೊಟ್ಟ ತೀರ್ಪನ್ನು ಕೇಂದ್ರ ಸರಕಾರ ಅದೇ ಆಗಸ್ಟಿನಲ್ಲಿ ನೌಕರರಿಗೆ ಪ್ರತಿಕೂಲವಾಗಿ ತಿದ್ದಿತು. ಸಣ್ಣ ಬ್ಯಾಂಕುಗಳು ಈ ಸಂಬಳದ ಹೊರೆ ಹೊರಲಾರವು, ಹಳ್ಳಿಗಳ ಶಾಖೆಗಳು ಮುಚ್ಚುವುವು ಎಂಬುದು ಸರಕಾರದ ವಾದ. ಕಾರ್ಮಿಕ ಮಂತ್ರಿಗಳಾಗಿದ್ದ ವಿ. ವಿ. ಗಿರಿಯವರು ಇದನ್ನು ಒಪ್ಪದೆ ಪದತ್ಯಾಗ ಮಾಡಿದರು. ನ್ಯಾಯಮಂಡಳಿಯ ಮಾತನ್ನು ಸರಕಾರವೇ ಮುರಿದರೆ ಕಾರ್ಮಿಕನು ನ್ಯಾಯಮಂಡಳಿಯನ್ನು ಏಕೆ ನಂಬಬೇಕು ಎಂಬ ತತ್ತ್ವ ಅದರ ಹಿಂದಿತ್ತು. ಮಂತ್ರಿಪದವಿಯನ್ನು ಗುಮಾಸ್ತರ ತುಟ್ಟಿಭತ್ತೆಗಾಗಿ ಬಿಟ್ಟ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ. ಆಮೇಲೆ ವಿಚಾರಣೆಗೆಂದು ನೇಮಕವಾದ ನ್ಯಾಯಮೂರ್ತಿ ರಾಜಾಧ್ಯಕ್ಷರು ಕೆಲಸದ ನಡುವೆಯೇ ತೀರಿಕೊಳ್ಳಲಾಗಿ, ಆ ಭಾರ ಪಿ. ಬಿ. ಗಜೇಂದ್ರಗಡ್ಕರರ ಮೇಲೆ ಬಿದ್ದಿತು. ಇವರ ಮನೆತನದ ಹೆಸರಿನಲ್ಲಿ ಅಂದಿನ ಧಾರವಾಡ ಜಿಲ್ಲೆಯ ಗಜೇಂದ್ರಗಡವಿದೆ. ಇವರು ಕೆಲಕಾಲ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. 1955ರಲ್ಲಿ ಬಂದ ಇವರ ವರದಿ ಕಾರ್ಮಿಕರು ಕಳೆದುಕೊಂಡಿದ್ದರಲ್ಲಿ ಬಹುಭಾಗವನ್ನು ಮರಳಿ ಕೊಡಿಸಿತು. ಅದೇ ವರ್ಷ ಸಂಸತ್ತು ಅದನ್ನು ಶಾಸನವಾಗಿ ಅಂಗೀಕರಿಸಿತು. 1966ರಿಂದೀಚೆಗೆ ಸಂಬಳದ ವಿಷಯ ಬ್ಯಾಂಕುಗಳ ಹಾಗೂ ಸಂಘಗಳ ನಡುವಣ ದ್ವಿಪಕ್ಷ ಒಪ್ಪಂದಗಳಿಂದ ತೀರ್ಮಾನವಾಗುತ್ತ ಬಂದಿದೆ.

ಮುಂಬಯಿ, ಪುಣೆಗಳಲ್ಲಿ ಹಗಲು ದುಡಿದು ರಾತ್ರಿಶಾಲೆಗಳಲ್ಲಿ ಓದಿ ಬ್ಯಾಂಕು ಸೇರಿದ ಕನ್ನಡಿಗರ ಒಂದು ತಲೆಮಾರು ಮಧ್ಯಮವರ್ಗವಾದುದು ಈ ನಿರ್ಣಯಗಳ ನೆರಳಿನಲ್ಲಿಯೇ. ಆದರೆ ಆ ನೆರಳು ಅವರ ಊರಿನ ಪಿಗ್ಮಿ ಸಂಗ್ರಾಹಕನವರೆಗೆ ಚಾಚಲಿಲ್ಲ. ಅದೇ ಬ್ಯಾಂಕು, ಅದೇ ಠೇವಣಿ, ಬರೆದುಕೊಂಡವನಿಗೆ ಶ್ರೇಣಿ, ರಜೆ, ಉಪದಾನ, ತಂದವನಿಗೆ ಕಮಿಶನ್.

1969ರ ಜುಲೈ 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದುವು. ಅವುಗಳಲ್ಲಿ ಕೆನರಾ, ಸಿಂಡಿಕೇಟುಗಳೆರಡೂ ಇದ್ದುವು. ಅದಕ್ಕೆ ಮುನ್ನ ನಡೆದ ದೊಡ್ಡ ಚರ್ಚೆಯ ತಿರುಳು ನ್ಯಾಯವೇ: ಜನರ ಠೇವಣಿ ಕೆಲವೇ ಉದ್ಯಮಪತಿಗಳ ಮನೆತನಗಳಿಗೆ ಸಾಲವಾಗಿ ಹರಿಯುತ್ತಿದೆ, ಸಾಲ ಕೊಡುವ ಮಂಡಳಿಯಲ್ಲಿ ಕುಳಿತವರೇ ಸಾಲ ಪಡೆಯುವವರು ಎಂಬ ಆಕ್ಷೇಪ. ಇದು ಕರಾವಳಿಯ ಬ್ಯಾಂಕುಗಳಿಗೆ ಎಷ್ಟು ಅನ್ವಯಿಸುತ್ತಿತ್ತೆಂಬುದು ಬೇರೆ ಮಾತು. ಗಮನಿಸಬೇಕಾದುದೆಂದರೆ, ಒಡೆತನ ಬದಲಾಗಿ ಸರಕಾರವೇ ಯಜಮಾನನಾದ ಮೇಲೂ ಸಂಗ್ರಾಹಕನ ಸ್ಥಿತಿ ತಾನಾಗಿ ಬದಲಾಗಲಿಲ್ಲ. ಖಾಸಗಿ ಬ್ಯಾಂಕು ಹೇಳುತ್ತಿದ್ದ ವಾದವನ್ನೇ ರಾಷ್ಟ್ರೀಕೃತ ಬ್ಯಾಂಕೂ ಹೇಳಿತು.

ಆ ವಾದ ದುರ್ಬಲವಾದುದೇನಲ್ಲ. ಸಂಗ್ರಾಹಕನಿಗೆ ಕೆಲಸದ ಹೊತ್ತು ಗೊತ್ತಿಲ್ಲ. ಬೇರೆ ಉದ್ಯೋಗ ಮಾಡಲು ಅಡ್ಡಿಯಿಲ್ಲ. ವಯಸ್ಸು ವಿದ್ಯೆಗಳ ನಿಯಮವಿಲ್ಲ. ಆದಕಾರಣ ಅವನು ಏಜೆಂಟನೇ ಹೊರತು ಆಳಲ್ಲ ಎಂದು ಬ್ಯಾಂಕುಗಳು ವಾದಿಸಿದುವು. ಆದರೆ ನ್ಯಾಯಾಲಯಗಳು ಬೇರೆ ಕಸುಬುಗಳಲ್ಲಿ ಇಂಥ ವಾದವನ್ನು ಆಗಲೇ ಪರೀಕ್ಷಿಸಿದ್ದುವು. ಸೌರಾಷ್ಟ್ರದ ಧ್ರಾಂಗಧ್ರಾ ಕಂಪನಿಯ ಉಪ್ಪಿನ ಗದ್ದೆಗಳಲ್ಲಿ ದುಡಿಯುವ ಅಗರಿಯರು ತೂಕದ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು, ತಮ್ಮ ಮನೆಮಂದಿಯನ್ನೂ ಕೂಲಿಯವರನ್ನೂ ಜತೆಗೆ ತರುತ್ತಿದ್ದರು; ಆದರೂ ಅವರು ಕಾರ್ಮಿಕರೇ ಎಂದು 1956ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆಂಧ್ರದ ಒಂದು ಹೊಲಿಗೆಯ ಅಂಗಡಿಯಲ್ಲಿ ಅಂಗಿಗೆ ಇಷ್ಟೆಂದು ಪಡೆದು, ಬೇಕಾದಾಗ ಬಂದು ಹೋಗುತ್ತಿದ್ದ ದರ್ಜಿಗಳ ವಿಷಯದಲ್ಲಿಯೂ 1973ರಲ್ಲಿ ಹೀಗೆಯೇ ಆಯಿತು: ಹೊಲಿದುದು ಸರಿಯಿಲ್ಲವೆಂದು ತಿರಸ್ಕರಿಸುವ ಹಕ್ಕು ಯಾರ ಕೈಯಲ್ಲಿದೆಯೆಂಬುದನ್ನೂ ನೋಡಬೇಕು, ಹೊತ್ತಿನ ಮೇಲಿನ ಹತೋಟಿಯೊಂದೇ ಒರೆಗಲ್ಲಲ್ಲ.

ಪಿಗ್ಮಿ ಸಂಗ್ರಾಹಕರ ವಿವಾದವನ್ನು ಸರಕಾರ 1980ರಲ್ಲಿ ಹೈದರಾಬಾದಿನ ಔದ್ಯೋಗಿಕ ನ್ಯಾಯಮಂಡಳಿಗೆ ಒಪ್ಪಿಸಿತು. ಮಂಡಳಿ ತನ್ನ ನಿರ್ಣಯವನ್ನು ಕೊಟ್ಟದ್ದು 1988ರಲ್ಲಿ. ಅದರ ಮುಖ್ಯಾಂಶ ಸಂಗ್ರಾಹಕನ ಸಂಪಾದನೆಗೆ ಒಂದು ತಳಪಾಯ ಹಾಕಿದ್ದು. ತಿಂಗಳಿಗೆ 7,500 ರೂಪಾಯಿ ಕೂಡಿಸಿದವನಿಗೆ 750 ರೂಪಾಯಿ ಖಾತರಿ; ಅದಕ್ಕೆ ಮೇಲ್ಪಟ್ಟ ಸಂಗ್ರಹಕ್ಕೆ ಶೇಕಡ 2ರಂತೆ ಪ್ರೋತ್ಸಾಹಧನ; ಓಡಾಟದ ಭತ್ತೆ; ಸೇವೆಯ ವರ್ಷಗಳಿಗೆ ಅನುಗುಣವಾಗಿ ಉಪದಾನ. ಬ್ಯಾಂಕುಗಳು ಮೇಲ್ಮನವಿ ಮಾಡಿದುವು. ಭಾರತೀಯ ಬ್ಯಾಂಕುಗಳ ಸಂಘ ಒಂದು ಕಡೆ, ಸಿಂಡಿಕೇಟು ಮೊದಲಾದ ಬ್ಯಾಂಕುಗಳ ಕೆಲಸಗಾರರು ಇನ್ನೊಂದು ಕಡೆ ನಿಂತ ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2001ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಸಂಗ್ರಾಹಕರು ಬ್ಯಾಂಕಿನ ನಿಯತ ನೌಕರರಲ್ಲ. ಆದರೂ 1947ರ ಔದ್ಯೋಗಿಕ ವಿವಾದಗಳ ಶಾಸನದ ಅರ್ಥದಲ್ಲಿ ಅವರು ಕೆಲಸಗಾರರೇ. ಕಮಿಶನ್ ಎಂಬುದು ದುಡಿಮೆಗೆ ತಕ್ಕಂತೆ ಕೊಡುವ ವೇತನವೇ.

1928ರಿಂದ 2001ಕ್ಕೆ ಎಪ್ಪತ್ಮೂರು ವರ್ಷ. ಈ ತೀರ್ಪಿನ ಸೂಕ್ಷ್ಮ ಅದರ ಎರಡು ಅರ್ಧಗಳಲ್ಲಿದೆ. ಗುಮಾಸ್ತನ ಕುರ್ಚಿ ಅವನಿಗೆ ದೊರೆಯಲಿಲ್ಲ. ಬೀದಿಯವನೆಂದು ಕೈತೊಳೆದುಕೊಳ್ಳುವ ಅವಕಾಶ ಬ್ಯಾಂಕಿಗೂ ಉಳಿಯಲಿಲ್ಲ. ನೌಕರ ಅಥವಾ ಏಜೆಂಟ ಎಂಬ ಎರಡೇ ಪೆಟ್ಟಿಗೆಗಳಿದ್ದಲ್ಲಿ ನಡುವೆ ಒಂದು ಸ್ಥಾನವನ್ನು ನ್ಯಾಯಾಲಯ ಮಾಡಿಕೊಟ್ಟಿತು. ಸಿಂಡಿಕೇಟ್ ಬ್ಯಾಂಕಾದರೋ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡಿತು.

ಮನೆಬಾಗಿಲಿಗೆ ಬರುವ, ಸಂಬಳವಿಲ್ಲದ, ಕೆಲಸಕ್ಕೆ ಇಷ್ಟೆಂದು ಪಡೆಯುವ ಆಳು ಈಗ ಬೇರೊಂದು ಉದ್ಯಮದಲ್ಲಿ ಲಕ್ಷಗಟ್ಟಲೆಯಾಗಿ ಕಾಣಿಸಿಕೊಂಡಿದ್ದಾನೆ. ಬೆಂಗಳೂರಿನಲ್ಲಿ ಊಟದ ಪೊಟ್ಟಣ ತರುವವನೂ ಬಾಡಿಗೆ ಕಾರು ನಡೆಸುವವನೂ ಮೊಬೈಲಿನ ಆ್ಯಪಿನಿಂದ ಅಪ್ಪಣೆ ಪಡೆಯುತ್ತಾರೆ. ಕಂಪನಿಗಳು ಅವರನ್ನು ಪಾಲುದಾರರೆಂದು ಕರೆಯುತ್ತವೆ. ಬೇಕಾದಾಗ ಕೆಲಸ, ಬೇಡದಿದ್ದಾಗ ಇಲ್ಲ ಎಂಬ ಅವರ ವಾದ ಹೈದರಾಬಾದಿನ ಕಡತಗಳಲ್ಲಿರುವ ವಾದವೇ. ಒಂದು ವ್ಯತ್ಯಾಸವುಂಟು: ಪಿಗ್ಮಿಯವನ ಕೆಲಸವನ್ನು ಒಬ್ಬ ಮ್ಯಾನೇಜರನಾದರೂ ನೋಡುತ್ತಿದ್ದನು, ಇವರ ಗಳಿಕೆಯನ್ನೂ ದರ್ಜೆಯನ್ನೂ ಗಣಕಯಂತ್ರದ ಸೂತ್ರ ನಿಶ್ಚಯಿಸುತ್ತದೆ, ಪ್ರಶ್ನಿಸಲು ಎದುರಿಗೆ ಮನುಷ್ಯನಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಇಂಥವರಿಗೆ ಮೊದಲ ಬಾರಿ ಶಾಸನದಲ್ಲಿ ಹೆಸರು ಕೊಟ್ಟಿತು. ಕರ್ನಾಟಕ ಸರಕಾರ 2025ರಲ್ಲಿ ತನ್ನದೇ ಶಾಸನ ಮಾಡಿ, ಪ್ರತಿಯೊಂದು ಕೆಲಸಕ್ಕೆ ಕೊಡುವ ಹಣದ ಮೇಲೆ ಶೇಕಡ 1ರಿಂದ 5ರವರೆಗೆ ಕ್ಷೇಮನಿಧಿ ಶುಲ್ಕವನ್ನು ಕಂಪನಿಗಳಿಂದ ಪಡೆಯಲು, ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ ಹದಿನಾಲ್ಕು ದಿನಗಳ ಸೂಚನೆ ಕೊಡಿಸಲು ಏರ್ಪಾಡು ಮಾಡಿದೆ. ಹೈದರಾಬಾದಿನ ಮಂಡಳಿ 1988ರಲ್ಲಿ ಸಂಗ್ರಾಹಕನಿಗೆ ಹಾಕಿಕೊಟ್ಟ ಖಾತರಿ ವೇತನದಂಥ ತಳಪಾಯ ಅದರಲ್ಲಿಲ್ಲ.